ತಕರಾರಿನ ಮಾಲು ಗೋದಾಮಿನಲ್ಲಿದೆ, ಈಗೇನು?

ಟ್ರೇಡ್‌ಮಾರ್ಕ್ ದಾವೆಗಳ ಬಗ್ಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ‘ಗೆಲ್ಲುತ್ತೇವೆಯೇ?’ ಎಂದು ಕೇಳುತ್ತವೆ. ಹೆಸರು ಯಾರದೆಂದು ತೀರ್ಮಾನವಾಗುವವರೆಗೆ ಆ ಹೆಸರು ಹೊತ್ತ ಪೆಟ್ಟಿಗೆಗಳನ್ನು ಏನು ಮಾಡಬೇಕೆಂದು ಕೇಳಿದ ಪತ್ರಗಳನ್ನಷ್ಟೇ ಈ ಸಲ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಮ್ಮದು ಊದುಬತ್ತಿ ತಯಾರಿಕೆ. ಹೆಚ್ಚುಕಡಿಮೆ ನಮ್ಮ ಬ್ರ್ಯಾಂಡಿನಂಥದೇ ಹೆಸರನ್ನು ನೋಂದಾಯಿಸಿಕೊಂಡಿರುವ ಸಂಸ್ಥೆಯೊಂದು ವಕೀಲರ ಮೂಲಕ ನೋಟಿಸ್ ಕೊಟ್ಟಿದೆ. ಹದಿನೈದು ದಿನದೊಳಗೆ ಮಾರಾಟ ನಿಲ್ಲಿಸಿ ಮಾಲು ಒಪ್ಪಿಸಬೇಕಂತೆ. ಗೋದಾಮಿನಲ್ಲಿ ಎರಡು ಸಾವಿರದಷ್ಟು ಪೆಟ್ಟಿಗೆ ಇದೆ. ರಿಯಾಯಿತಿ ಕೊಟ್ಟು ಬೇಗ ಮಾರಿ ಮುಗಿಸಲೇ, ಅಥವಾ ಬೇರೆ ಕಡೆ ಸಾಗಿಸಲೇ? — ಓದುಗರು, ಮೈಸೂರು

ಎರಡೂ ಬೇಡ. ವಕೀಲರ ನೋಟಿಸ್ ಕೋರ್ಟಿನ ಆದೇಶವಲ್ಲ, ಆದ್ದರಿಂದ ಮಾಲು ಒಪ್ಪಿಸಲೇಬೇಕೆಂಬ ಬಾಧ್ಯತೆ ಇವತ್ತಿಗೆ ನಿಮಗಿಲ್ಲ. ಆದರೆ ನೋಟಿಸ್ ಕೈಗೆ ಬಂದ ದಿನದಿಂದ ‘ನಮಗೆ ಗೊತ್ತಿರಲಿಲ್ಲ’ ಎನ್ನುವ ಹಾಗಿಲ್ಲ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 135(3)ನೇ ಕಲಮಿನಲ್ಲಿ ತಿಳಿಯದೆ ಬಳಸಿದವರಿಗೆ ಒಂದು ರಕ್ಷಣೆ ಇದೆ. ಬಳಸಲು ಶುರುಮಾಡಿದಾಗ ಎದುರಾಳಿಯ ನೋಂದಣಿ ಗೊತ್ತಿರಲಿಲ್ಲ, ಗೊತ್ತಾಗಲು ಕಾರಣವೂ ಇರಲಿಲ್ಲ, ಗೊತ್ತಾದ ಕೂಡಲೇ ನಿಲ್ಲಿಸಿದೆವು ಎಂದು ತೋರಿಸಿದರೆ ನಾಮಮಾತ್ರದ್ದನ್ನು ಬಿಟ್ಟು ನಷ್ಟ ಪರಿಹಾರವನ್ನೂ ಲಾಭದ ಲೆಕ್ಕವನ್ನೂ ಕೋರ್ಟು ನಿಮ್ಮ ಮೇಲೆ ಹೊರಿಸುವುದಿಲ್ಲ. ರಿಯಾಯಿತಿ ಮಾರಾಟ ಈ ರಕ್ಷಣೆಯ ಬೇರನ್ನೇ ಕಡಿಯುತ್ತದೆ. ನೋಟಿಸ್ ಬಂದ ವಾರದಲ್ಲೇ ಮಾರಾಟ ಮೂರು ಪಟ್ಟಾಗಿರುವುದನ್ನು ನಿಮ್ಮ ಜಿಎಸ್‌ಟಿ ರಿಟರ್ನೇ ಹೇಳಿಬಿಡುತ್ತದೆ, ಎದುರಾಳಿಗೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಬೇರೆ ಕಡೆ ಸಾಗಿಸುವುದು ಅದಕ್ಕಿಂತ ಕೆಟ್ಟದ್ದು. ಮಾರದೆ ಸುಮ್ಮನೆ ಇಟ್ಟುಕೊಂಡಿದ್ದೇವೆ ಎನ್ನುವುದೂ ಪೂರ್ತಿ ಉತ್ತರವಲ್ಲ. 29(6)ನೇ ಕಲಮಿನ ಪ್ರಕಾರ ಮಾರಾಟಕ್ಕೆಂದು ದಾಸ್ತಾನು ಮಾಡುವುದೂ ಮಾರ್ಕಿನ ‘ಬಳಕೆ’ಯೇ. ಅಂಥ ದಾಸ್ತಾನನ್ನು ರಾತ್ರೋರಾತ್ರಿ ನೆಂಟರ ಶೆಡ್ಡಿಗೆ ಸೇರಿಸಿದರೆ, ‘ಇವರಿಗೆ ಮುಂಚಿತವಾಗಿ ತಿಳಿಸಿದರೆ ಮಾಲು ಮಾಯವಾಗುತ್ತದೆ, ಆದ್ದರಿಂದ ನೋಟಿಸ್ ಇಲ್ಲದೆಯೇ ತಡೆಯಾಜ್ಞೆ ಕೊಡಿ’ ಎಂಬ ಎದುರಾಳಿಯ ವಾದಕ್ಕೆ ನೀವೇ ಆಧಾರ ಒದಗಿಸಿದಂತೆ.

ಈಗ ಮಾಡಬೇಕಾದ ಮೊದಲ ಕೆಲಸ ಎಣಿಕೆ. ವಿಚಿತ್ರವೆಂದರೆ ಬಹಳ ಮಂದಿ ಇದನ್ನು ಕೊನೆಗೆ ಮಾಡುತ್ತಾರೆ. ಒಂದು ದಿನ ಸರಕು ಹೊರಹೋಗುವುದನ್ನು ಪೂರ್ತಿ ನಿಲ್ಲಿಸಿ, ಇಬ್ಬರಿಂದ ಪ್ರತ್ಯೇಕವಾಗಿ ಎಣಿಸಿ. ‘ಸುಮಾರು 2,000 ಪೆಟ್ಟಿಗೆ’ ಎಂದು ಬರೆದರೆ ಅದು ಎಣಿಕೆಯಲ್ಲ. ಒಂದು ಸಾಲು ಹೀಗಿರಲಿ: ‘ರ‍್ಯಾಕ್ 3, ಕೆಳಗಿನ ಅಂತಸ್ತು; 100 ಗ್ರಾಂ ಪೌಚು; ಬ್ಯಾಚ್ ಸಂಖ್ಯೆ ಇಂಥದ್ದು; ಪೆಟ್ಟಿಗೆ 24; ಪೆಟ್ಟಿಗೆಗೆ 144 ಪೌಚು; ಒಟ್ಟು 3,456; ಒಡೆದ ಪೆಟ್ಟಿಗೆ 1, ಅದರಲ್ಲಿ 61 ಪೌಚು’. ಒಡೆದ ಪೆಟ್ಟಿಗೆಯನ್ನು ಬೇರೆಯಾಗಿ ಬರೆಯುವುದು ಮುಖ್ಯ, ಮುಂದೆ ಕೋರ್ಟ್ ಕಮಿಷನರ್ (ಸ್ಥಳಕ್ಕೆ ಹೋಗಿ ಮಾಲು ಎಣಿಸಿ ಸೀಲ್ ಮಾಡಲು ಕೋರ್ಟು ನೇಮಿಸುವವರು) ಮಾಡುವ ಎಣಿಕೆಗೂ ನಿಮ್ಮ ಎಣಿಕೆಗೂ ವ್ಯತ್ಯಾಸ ಬರುವುದು ಬಹುತೇಕ ಅಲ್ಲೇ. ಪಟ್ಟಿಯ ಪ್ರತಿ ಹಾಳೆಗೂ ಎಣಿಸಿದವರ ಸಹಿ, ದಿನಾಂಕ, ಹೊತ್ತು ಇರಲಿ. ಅದೇ ದಿನ ಸ್ಟಾಕ್ ಲೆಕ್ಕದ ಸಾಫ್ಟ್‌ವೇರಿನ ಬ್ಯಾಕಪ್ ತೆಗೆದು ಬೇರೆ ಡಿಸ್ಕಿನಲ್ಲಿಡಿ.

ಸಿದ್ಧ ಮಾಲಿನ ಜತೆ ಮೂರು ವಸ್ತುಗಳನ್ನು ಮರೆಯುವವರೇ ಹೆಚ್ಚು: ಅಚ್ಚಾಗಿ ಬಂದ ಲ್ಯಾಮಿನೇಟ್ ರೋಲು (ಇದನ್ನು ತೂಕ ಮತ್ತು ಮೀಟರ್ ಎರಡರಲ್ಲೂ ಬರೆಯಿರಿ), ಖಾಲಿ ಡಬ್ಬಿ ಮತ್ತು ಲೇಬಲ್ಲು, ಹಾಗೂ ಮುದ್ರಕರ ಹತ್ತಿರ ಇರುವ ಸಿಲಿಂಡರ್ ಅಥವಾ ಪ್ಲೇಟು. ಸಾಗಣೆಯಲ್ಲಿರುವ ಮಾಲು, ಡೀಲರುಗಳ ಬಳಿ ಮಾರಾಟವಾಗದೆ ಉಳಿದದ್ದು, ಹಿಂತಿರುಗಿ ಬಂದ ಹಾಳು ಮಾಲು, ಇವಕ್ಕೂ ಒಂದೊಂದು ಕಾಲಂ ಬೇಕು.

ಎಣಿಕೆ ಮುಗಿದ ಮೇಲೆ ಮಾಲನ್ನು ಗೋದಾಮಿನ ಒಂದು ಮೂಲೆಗೆ ಸರಿಸಿ, ಹಗ್ಗವನ್ನೋ ಜಾಲರಿಯನ್ನೋ ಕಟ್ಟಿ, ಕೀಲಿ ಒಬ್ಬರ ಕೈಯಲ್ಲಿರಲಿ. ಹೊಸದಾಗಿ ಪೌಚ್ ಅಚ್ಚು ಹಾಕಿಸುವುದನ್ನು ಅಂದೇ ನಿಲ್ಲಿಸಿ. ಇರುವ ಮಾಲಿನ ಮಾರಾಟ ನಿಲ್ಲಿಸಬೇಕೇ ಎಂಬುದು ದಾಖಲೆ ನೋಡಿ ತೀರ್ಮಾನಿಸಬೇಕಾದ ವಿಷಯ. ಎದುರಾಳಿಯ ನೋಂದಣಿ ಹಾಗೂ ಬಳಕೆ ಎರಡಕ್ಕೂ ಮುಂಚಿನಿಂದ ನಿಮ್ಮ ಬಳಕೆ ಎಡೆಬಿಡದೆ ನಡೆದುಬಂದಿದ್ದರೆ 34ನೇ ಕಲಮು ನಿಮ್ಮ ಪರ ನಿಲ್ಲುತ್ತದೆ. ಹಳೆಯ ಬಿಲ್ಲುಗಳು ಸಿಗದಿದ್ದರೆ ಆ ಕಲಮನ್ನು ನೆಚ್ಚಿ ಮಾರುತ್ತಾ ಹೋಗುವುದು ಜೂಜು.

ಎರಡನೇ ಕೆಲಸ ಕೇವಿಯಟ್, ಅಂದರೆ ನಮಗೆ ತಿಳಿಸದೆ ಆದೇಶ ಕೊಡಬೇಡಿ ಎಂದು ಕೋರ್ಟಿಗೆ ಮುಂಚಿತವಾಗಿ ಸಲ್ಲಿಸುವ ಅರ್ಜಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಕಲಮಿನಡಿ ಅದು 90 ದಿನ ಜೀವಂತವಿರುತ್ತದೆ, ಮುಗಿಯುವ ಮೊದಲು ಮತ್ತೆ ಹಾಕಬೇಕು. ಯಾವ ಕೋರ್ಟಿನಲ್ಲಿ? ಇಲ್ಲೇ ಎಡವುವುದು. ಟ್ರೇಡ್‌ಮಾರ್ಕ್ ದಾವೆಯನ್ನು ವಾದಿ ತನ್ನ ವ್ಯವಹಾರದ ಊರಿನಲ್ಲೂ ಹೂಡಲು ಟ್ರೇಡ್‌ಮಾರ್ಕ್ ಕಾಯ್ದೆಯ 134(2)ನೇ ಕಲಮಿನಲ್ಲಿ ಅವಕಾಶವಿದೆ. ಹಾಗಾಗಿ ಮೈಸೂರಿನಲ್ಲಿ ಮಾತ್ರ ಕೇವಿಯಟ್ ಹಾಕಿ ನಿಶ್ಚಿಂತೆಯಿಂದ ಕೂರಬೇಡಿ, ಎದುರಾಳಿಯ ಮುಖ್ಯ ಕಚೇರಿ ಇರುವ ಊರಿನಲ್ಲೂ ಹಾಕಿ. ಅಲ್ಲಿ ಜಿಲ್ಲಾ ಮಟ್ಟದ ವಾಣಿಜ್ಯ ನ್ಯಾಯಾಲಯವೋ, ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತದಂತೆ ಮೂಲ ದಾವೆ ಕೇಳುವ ಹೈಕೋರ್ಟೋ ಎಂಬುದನ್ನು ವಕೀಲರಿಂದ ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ಕೋರ್ಟ್ ಕಮಿಷನರ್ ಬೆಳಿಗ್ಗೆ ಹನ್ನೊಂದಕ್ಕೆ ಬಂದು ಸಂಜೆಯವರೆಗೆ ನಮ್ಮ ಗಾರ್ಮೆಂಟ್ ಘಟಕದ ಮಾಲನ್ನೆಲ್ಲ ಸೀಲ್ ಮಾಡಿಹೋದರು. ತಕರಾರಿಲ್ಲದ ಪ್ಯಾಂಟುಗಳೂ ಅದರೊಳಗೆ ಸೇರಿವೆ. ಗಾಬರಿಯಲ್ಲಿ ಕೊಟ್ಟಲ್ಲೆಲ್ಲ ಸಹಿ ಹಾಕಿದೆವು. ಈಗ ಬಿಡಿಸಿಕೊಳ್ಳಬಹುದೇ? — ಓದುಗರು, ಬಳ್ಳಾರಿ

ಬಿಡಿಸಿಕೊಳ್ಳಬಹುದು, ಆದರೆ ಕೋರ್ಟಿನ ಮೂಲಕ ಮಾತ್ರ. ಸೀಲ್ ತಪ್ಪಾಗಿದೆ ಎಂದು ನಿಮಗೆ ನೂರಕ್ಕೆ ನೂರು ಖಚಿತವಿದ್ದರೂ ನೀವೇ ಒಡೆದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39ರ (ಆ ಸಂಹಿತೆಯ ಅಧ್ಯಾಯಗಳಿಗೆ ‘ಆದೇಶ’ ಎಂದೇ ಹೆಸರು) ನಿಯಮ 2ಎ ಅಡಿ ಆಸ್ತಿ ಜಪ್ತಿ ಆಗಬಹುದು, ಮೂರು ತಿಂಗಳವರೆಗೆ ಸಿವಿಲ್ ಸೆರೆವಾಸವೂ ಆಗಬಹುದು. ತಪ್ಪಾದ ಸೀಲನ್ನು ಒಡೆದವರಿಗೂ ಸರಿಯಾದ ಸೀಲನ್ನು ಒಡೆದವರಿಗೂ ಈ ನಿಯಮದಲ್ಲಿ ಭೇದವಿಲ್ಲ.

ಮೊದಲು ಮೂರು ಕಾಗದಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿ: ತಡೆಯಾಜ್ಞೆಯ ಆದೇಶ, ಕಮಿಷನರ್ ನೇಮಕದ ವಾರಂಟು, ಸ್ಥಳದಲ್ಲಿ ಬರೆದ ಮಹಜರು ಮತ್ತು ದಾಸ್ತಾನು ಪಟ್ಟಿ. ಆದೇಶದಲ್ಲಿ ಯಾವ ಮಾರ್ಕು, ಯಾವ ಬಗೆಯ ಸರಕು, ಯಾವ ವಿಳಾಸ ಎಂದಿದೆ ನೋಡಿ. ಆದೇಶ ಹೇಳಿದ್ದು ‘ಇಂಥ ಮಾರ್ಕಿರುವ ಜೀನ್ಸ್ ಮತ್ತು ಲೇಬಲ್’ ಎಂದು, ಪಟ್ಟಿಯಲ್ಲಿ ಮಾರ್ಕೇ ಇಲ್ಲದ 300 ಪ್ಯಾಂಟು ಇದೆ ಎಂದಾದರೆ, ಆ ಮಟ್ಟಿಗೆ ಬಿಡುಗಡೆ ಕೋರಿ ಮಧ್ಯಂತರ ಅರ್ಜಿ ಹಾಕಿ. ಅರ್ಜಿಯ ಜತೆ ಆ ಪ್ಯಾಂಟುಗಳ ಕಟಿಂಗ್ ಲೆಕ್ಕ, ಜಾಬ್‌ವರ್ಕ್ ಚಲನ್, ಯಾರ ಆರ್ಡರು ಎಂಬ ಕಾಗದ ಇರಲಿ. ಬಿಡುಗಡೆಗೂ ಅದೇ ಕಮಿಷನರ್ ಎದುರು ಸೀಲ್ ತೆಗೆದು ಬೇರ್ಪಡಿಸಿ ಮತ್ತೆ ಸೀಲ್ ಮಾಡಲು ಕೋರಿದರೆ ವಾದಿಯ ವಕೀಲರು ವಿರೋಧಿಸಲು ಹೆಚ್ಚು ಕಾರಣ ಇರುವುದಿಲ್ಲ.

ಸಹಿಯ ಬಗ್ಗೆ ಅಷ್ಟು ಹೆದರಬೇಡಿ. ಮಹಜರಿಗೆ ಸಹಿ ಹಾಕಿದರೆ ಅದು ನಡೆದದ್ದಕ್ಕೆ ನೀವು ಸಾಕ್ಷಿ ಎಂದಷ್ಟೇ ಅರ್ಥ, ತಪ್ಪೊಪ್ಪಿಗೆ ಅಲ್ಲ. ‘ನಾವು ನಕಲು ಮಾಡಿದ್ದೇವೆ’ ಎಂಬಂಥ ಸಾಲನ್ನೇನಾದರೂ ಬರೆಸಿಕೊಂಡಿದ್ದರೆ ಮಾತ್ರ ಕೂಡಲೇ ಅಫಿಡವಿಟ್ ಹಾಕಿ ಅಲ್ಲಗಳೆಯಿರಿ. ಆದೇಶ 26ರ ನಿಯಮ 10ರಂತೆ ಕಮಿಷನರ್ ವರದಿ ದಾವೆಯಲ್ಲಿ ಸಾಕ್ಷ್ಯವಾಗಿಯೇ ಸೇರುತ್ತದೆ. ಅದಕ್ಕೆ ಆಕ್ಷೇಪಣೆ ಸಲ್ಲಿಸುವುದು, ಬೇಕಿದ್ದರೆ ಕಮಿಷನರನ್ನು ವಿಚಾರಿಸಲು ಅನುಮತಿ ಕೇಳುವುದು ನಿಮ್ಮ ಹಕ್ಕು. ಸುಮ್ಮನಿದ್ದರೆ ವರದಿಯ ಅಂಕಿಯೇ ಅಂತಿಮ ಅಂಕಿಯಾಗಿ ಕೂರುತ್ತದೆ.

ಇಂಥ ಭೇಟಿ ಇನ್ನೂ ಆಗಿಲ್ಲದವರಿಗಾಗಿ ಎರಡು ಮಾತು. ಕಮಿಷನರ್ ಬಂದಾಗ ಬಾಗಿಲು ಹಾಕಿಕೊಳ್ಳಬೇಡಿ, ಬೀಗ ಒಡೆಯಲು ಹಾಗೂ ಪೊಲೀಸರ ನೆರವು ಪಡೆಯಲು ಆದೇಶದಲ್ಲೇ ಅನುಮತಿ ಇರುವುದುಂಟು. ಆದೇಶದ ಪ್ರತಿ ಕೇಳಿ ಪಡೆದು ಓದಿ, ವಕೀಲರಿಗೆ ಫೋನ್ ಮಾಡಿ, ಒಳಗೆ ಬಿಡಿ. ಕಮಿಷನರ್ ಜತೆ ವಾದಿಯ ಕಡೆಯವರು ಯಾರು ಯಾರು ಬಂದಿದ್ದಾರೆ ಎಂದು ಹೆಸರು ಬರೆಸಿ. ಮಾಲು ಗುರುತಿಸಿಕೊಡುವುದಷ್ಟೇ ಅವರ ಕೆಲಸ. ನಿಮ್ಮ ಗ್ರಾಹಕರ ಪಟ್ಟಿಯ ಫೋಟೊ ಹೊಡೆದುಕೊಳ್ಳಲು ಹೊರಟರೆ ಕಮಿಷನರಿಗೆ ಹೇಳಿ ತಡೆಯಿರಿ, ಒಪ್ಪದಿದ್ದರೆ ನಿಮ್ಮ ಆಕ್ಷೇಪವನ್ನು ಮಹಜರಿನಲ್ಲೇ ಬರೆಸಿ.

ಸೀಲಿನ ಕೆಲಸವನ್ನು ಕಣ್ಣಿಟ್ಟು ನೋಡಬೇಕು. ಪೆಟ್ಟಿಗೆಯ ಬಾಯಿಗೆ ಮಾತ್ರ ಟೇಪ್ ಅಂಟಿಸಿ ಸಹಿ ಹಾಕಿದರೆ ಸಾಲದು. ತಳದ ಮಡಿಕೆ ಬಿಚ್ಚಿ ಮಾಲು ತೆಗೆದು ಮತ್ತೆ ಅಂಟಿಸಬಹುದು, ಮೇಲಿನ ಸೀಲು ಹಾಗೇ ಇರುತ್ತದೆ. ಬಟ್ಟೆ ಸುತ್ತಿ, ಹುರಿಯನ್ನು ಅಡ್ಡಡ್ಡ ಉದ್ದುದ್ದ ಕಟ್ಟಿ, ಗಂಟಿನ ಮೇಲೆ ಅರಗು ಸುರಿದು ಮುದ್ರೆ ಒತ್ತಬೇಕು. ಆ ಮುದ್ರೆಯ ಮಾದರಿ ಅಚ್ಚೊಂದು ಮಹಜರಿನ ಹಾಳೆಯ ಮೇಲೂ ಇರಬೇಕು. ಪೆಟ್ಟಿಗೆ ಪೆಟ್ಟಿಗೆಗೂ ಸಂಖ್ಯೆ, ಒಳಗಿನ ಎಣಿಕೆ, ಎರಡೂ ಕಡೆಯವರ ಸಹಿ ಬೇಕು. ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗೆ ಅರಗು ಮೆತ್ತಗಾಗಿ ಮುದ್ರೆಯ ಅಚ್ಚು ಮಾಸುವುದುಂಟು. ಸಂಖ್ಯೆ ಇರುವ ಪ್ಲಾಸ್ಟಿಕ್ ಸೀಲುಗಳನ್ನೂ ಜತೆಗೆ ಹಾಕಲು ಕೇಳಿ. ಮಾದರಿಗೆಂದು ತೆಗೆದ ವಸ್ತುಗಳ ಪ್ರತ್ಯೇಕ ಪಟ್ಟಿ ಆಗಬೇಕು, ಅಂಥದೇ ಒಂದೊಂದು ಮಾದರಿ ನಿಮ್ಮಲ್ಲೂ ಉಳಿಯಲಿ.

ಪ್ರಶ್ನೆ: ಸೀಲ್ ಮಾಡಿದ ಮಾಲನ್ನು ನಮ್ಮ ಸುಪರ್ದಿಗೇ ಕೊಟ್ಟು ಮುಚ್ಚಳಿಕೆ ಬರೆಸಿಕೊಂಡಿದ್ದಾರೆ. ಮಳೆಗೆ ಗೋಡೆ ನೆಂದು ಕೆಳಗಿನ ಒಂಬತ್ತು ಪೆಟ್ಟಿಗೆ ಒದ್ದೆಯಾಗಿವೆ, ಎರಡರ ಸೀಲು ಬಿಟ್ಟುಕೊಂಡಿದೆ. ಅಂಟಿಸಿಬಿಡಬಹುದೇ? — ಓದುಗರು, ಶಿವಮೊಗ್ಗ

ಮುಟ್ಟಬೇಡಿ. ಮುಚ್ಚಳಿಕೆಯ ಅರ್ಥವನ್ನು ಮೊದಲು ತಿಳಿದುಕೊಳ್ಳಿ: ಮಾಲು ನಿಮ್ಮದೇ ಗೋದಾಮಿನಲ್ಲಿದ್ದರೂ ಈಗ ನೀವದನ್ನು ಕೋರ್ಟಿನ ಪರವಾಗಿ ಕಾಯುತ್ತಿದ್ದೀರಿ. ಕೋರ್ಟು ಕೇಳಿದ ದಿನ, ಕೇಳಿದ ಸ್ಥಿತಿಯಲ್ಲಿ ಹಾಜರುಪಡಿಸಬೇಕು.

ಬಿಟ್ಟುಕೊಂಡ ಸೀಲು ಅಪರಾಧವಲ್ಲ, ತಾನಾಗಿ ಬಿಟ್ಟುಕೊಂಡದ್ದನ್ನು ನೀವು ಅಂಟಿಸಿದರೆ ಅದು ತಿದ್ದಿದ ಸೀಲಿನಂತೆ ಕಾಣುತ್ತದೆ. ಇದ್ದಲ್ಲೇ ಫೋಟೊ, ವಿಡಿಯೊ ತೆಗೆಯಿರಿ. ದೂರದಿಂದ ಒಂದು, ಪೆಟ್ಟಿಗೆಯ ಸಂಖ್ಯೆ ಕಾಣುವಂತೆ ಒಂದು, ಸೀಲಿನ ಹತ್ತಿರದ್ದು ಒಂದು. ತೆಗೆದ ಫೋನಿನಲ್ಲೇ ಮೂಲ ಕಡತ ಉಳಿಯಲಿ. ವಾಟ್ಸಾಪ್‌ನಲ್ಲಿ ಕಳಿಸಿದ ಪ್ರತಿ ಕುಗ್ಗಿರುತ್ತದೆ, ಮೂಲದ ಹ್ಯಾಶ್ ಮೌಲ್ಯಕ್ಕೆ (ಕಡತದ ಬೆರಳಚ್ಚಿನಂಥ ಗುರುತು ಸಂಖ್ಯೆ) ಹೊಂದುವುದಿಲ್ಲ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಆ ಮೌಲ್ಯ ಬರೆಯಬೇಕಾಗುತ್ತದೆ. ಅದೇ ದಿನ, ತಪ್ಪಿದರೆ ಮರುದಿನ, ವಕೀಲರ ಮೂಲಕ ಕೋರ್ಟಿಗೆ ಮೆಮೊ ಸಲ್ಲಿಸಿ ಎದುರು ವಕೀಲರಿಗೆ ಪ್ರತಿ ಕೊಡಿ. ಮೆಮೊದಲ್ಲಿ ಕೇಳಬೇಕಾದದ್ದು: ಕಮಿಷನರ್ ಸಮ್ಮುಖದಲ್ಲಿ ಮರು ಎಣಿಕೆ, ಮರು ಸೀಲು, ಮಾಲನ್ನು ಎತ್ತರದ ಹಲಗೆಯ ಮೇಲೆ ಅಥವಾ ಬೇರೆ ಗೋದಾಮಿಗೆ ಸ್ಥಳಾಂತರಿಸಲು ಅನುಮತಿ.

ಉಳಿದ ಪೆಟ್ಟಿಗೆಗಳಿಗೆ ನೀರು ತಾಗದಂತೆ ಮೇಲೆ ಟಾರ್ಪಾಲು ಹೊದಿಸುವುದು, ಸೋರಿಕೆ ನಿಲ್ಲಿಸುವುದು ಇವಕ್ಕೆ ಅನುಮತಿಗೆ ಕಾಯಬೇಕಿಲ್ಲ. ಮಾಲನ್ನು ಒಂದು ಅಡಿ ಸರಿಸುವುದಾದರೂ ವಿಡಿಯೊ ಇಟ್ಟುಕೊಂಡೇ ಸರಿಸಿ. ಸ್ಥಳಾಂತರಕ್ಕೆ ಅನುಮತಿ ಸಿಕ್ಕ ಮೇಲೆ ಮಾರಾಟದ ಇನ್‌ವಾಯ್ಸ್ ಹಾಕಬೇಡಿ, ಇದು ಮಾರಾಟವಲ್ಲ. ಡೆಲಿವರಿ ಚಲನ್ ಹಾಕಿ, ಮೌಲ್ಯ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ಲು ಮಾಡಿ, ಕೋರ್ಟ್ ಆದೇಶದ ಪ್ರತಿ ಚಾಲಕರ ಕೈಯಲ್ಲಿರಲಿ.

ವಿಮೆಯ ಪಾಲಿಸಿಯನ್ನೂ ತೆಗೆದು ನೋಡಿ. ಪಾಲಿಸಿ ಒಂದು ನಿರ್ದಿಷ್ಟ ವಿಳಾಸದ ದಾಸ್ತಾನಿಗೆ ಇರುತ್ತದೆ, ಗೋದಾಮು ಬದಲಾದರೆ ರಕ್ಷಣೆ ತಾನಾಗಿ ಮಾಲಿನ ಜತೆ ಬರುವುದಿಲ್ಲ. ಮಾಲು ಕೋರ್ಟಿನ ಸೀಲಿನಲ್ಲಿದೆ ಎಂದು ವಿಮಾ ಕಂಪನಿಗೆ ಬರೆದು ತಿಳಿಸಿ.

ಪ್ರಶ್ನೆ: ಸೀಲಾಗಿರುವುದು ಮಸಾಲೆ ಪುಡಿ. ಬಳಕೆಯ ಅವಧಿ ಇನ್ನು ಐದು ತಿಂಗಳು. ದಾವೆ ಅಷ್ಟರಲ್ಲಿ ಮುಗಿಯುವ ಮಾತೇ ಇಲ್ಲ. — ಓದುಗರು, ಹಾವೇರಿ

ಹಾಳಾಗುವ ಸರಕಿಗೆ ಕಾನೂನು ದಾರಿ ಇಟ್ಟಿದೆ, ಕೇಳುವವರೇ ಕಡಿಮೆ. ಆದೇಶ 39ರ ನಿಯಮ 6ರಂತೆ ಬೇಗ ಕೆಡುವ ಚರ ವಸ್ತುವನ್ನು ದಾವೆ ಮುಗಿಯುವ ಮೊದಲೇ ಮಾರಲು ಕೋರ್ಟು ಆದೇಶಿಸಬಹುದು. ಕೋರ್ಟಿನ ಸುಪರ್ದಿಯಲ್ಲಿದ್ದು ಕಾಪಿಡಲು ಕಷ್ಟವಾದ ವಸ್ತುವನ್ನು ಕಮಿಷನರ್ ಮೂಲಕ ಮಾರಿಸಲು ಆದೇಶ 26ರಲ್ಲಿ 10ಸಿ ನಿಯಮವಿದೆ. ಬಂದ ಹಣವನ್ನು ದಾವೆ ತೀರುವವರೆಗೆ ಕೋರ್ಟಿನಲ್ಲಿ ಠೇವಣಿ ಇಡಲು ಒಪ್ಪಿಕೊಂಡು ಅರ್ಜಿ ಹಾಕಿ.

ಎದುರಾಳಿ ಕೇಳುವ ಮೊದಲ ಪ್ರಶ್ನೆ: ‘ಮಾರಿದರೆ ಅದೇ ಹೆಸರು ಪೇಟೆಗೆ ಹೋಗುವುದಿಲ್ಲವೇ?’ ಅದಕ್ಕೆ ಉತ್ತರ ಅರ್ಜಿಯಲ್ಲೇ ಇರಬೇಕು. ತಕರಾರು ಇರುವುದು ಹೆಸರಿನದು, ಪುಡಿಯದ್ದಲ್ಲ. ಪೌಚ್ ಒಡೆದು ಪುಡಿಯನ್ನು ಸಗಟು ಚೀಲಕ್ಕೆ ತುಂಬಿ ಹೆಸರಿಲ್ಲದ ಕಚ್ಚಾ ಸರಕಾಗಿ ಆಹಾರ ತಯಾರಕರಿಗೆ ಕೊಡುವುದು ಒಂದು ದಾರಿ. ಆದರೆ ಒಡೆದು ತುಂಬುವಾಗ ಬ್ಯಾಚ್ ಬೆರೆಯಬಾರದು, ಬೆರೆತರೆ ಬಳಕೆಯ ಅವಧಿ ಯಾವುದೆಂದು ಯಾರೂ ಹೇಳಲಾರರು. ಹೊಸ ಹೆಸರಿನ ಪೌಚಿಗೆ ತುಂಬುವುದು ಎರಡನೆಯದು. ಖಾಲಿಯಾದ ಹಳೆ ಪೌಚುಗಳನ್ನು ಎಣಿಸಿ ಕಮಿಷನರಿಗೆ ಒಪ್ಪಿಸಬೇಕು. 10,000 ಪೌಚು ಒಡೆದು 9,700 ಖಾಲಿ ಪೌಚು ಕೊಟ್ಟರೆ ಮುನ್ನೂರು ಎಲ್ಲಿ ಹೋದವೆಂಬ ಪ್ರಶ್ನೆ ಉಳಿದ ಎಲ್ಲ ಒಳ್ಳೆಯ ಕೆಲಸವನ್ನೂ ನುಂಗಿಬಿಡುತ್ತದೆ.

ಹೆಸರಿನ ಮೇಲೆ ಸ್ಟಿಕ್ಕರ್ ಅಂಟಿಸಿ ಮಾರುತ್ತೇವೆ ಎನ್ನುವವರು ಬಹಳ. ಕೋರ್ಟುಗಳಿಗೆ ಇದು ಹಿಡಿಸದಿರುವುದಕ್ಕೆ ಕಾರಣವಿದೆ: ಸ್ಟಿಕ್ಕರ್ ಉಗುರಿನಿಂದ ಕಿತ್ತರೆ ಬರುತ್ತದೆ. ಜತೆಗೆ 2011ರ ಪೊಟ್ಟಣ ಸರಕುಗಳ ನಿಯಮಗಳ 6(3)ರ ಪ್ರಕಾರ ಪೊಟ್ಟಣದ ಮೇಲಿನ ಕಡ್ಡಾಯ ವಿವರಗಳನ್ನು ಬಿಡಿ ಸ್ಟಿಕ್ಕರಿನಿಂದ ಬದಲಿಸುವ ಹಾಗಿಲ್ಲ. ಗರಿಷ್ಠ ಮಾರಾಟ ಬೆಲೆಯನ್ನು ಇಳಿಸಲು ಮಾತ್ರ ವಿನಾಯಿತಿ, ಅಲ್ಲೂ ಹಳೆಯ ಬೆಲೆ ಮುಚ್ಚಬಾರದು. ಟ್ರೇಡ್‌ಮಾರ್ಕಿನಿಂದ ಪಾರಾಗಲು ಹೋಗಿ ತೂಕ-ಅಳತೆ ಇಲಾಖೆಯ ಕೈಗೆ ಸಿಕ್ಕಬೇಡಿ.

ಇನ್ನು, ಐದು ತಿಂಗಳಿದೆ ಎಂದು ಮೂರು ತಿಂಗಳು ಕಾಯಬೇಡಿ. ಒಂದೂವರೆ ತಿಂಗಳ ಆಯುಸ್ಸುಳಿದ ಮಸಾಲೆಯನ್ನು ಯಾವ ಡೀಲರೂ ಎತ್ತುವುದಿಲ್ಲ. ಆಗ ಆದೇಶ ಸಿಕ್ಕರೂ ಮಾಲು ಮಣ್ಣೇ.

ಪ್ರಶ್ನೆ: ನಾವು ವಾದಿಗಳು. ನಮ್ಮ ಹೆಸರು ನಕಲು ಮಾಡಿದವರ ವಿರುದ್ಧ ಏಕಪಕ್ಷೀಯ ತಡೆಯಾಜ್ಞೆ ಸಿಕ್ಕಿದೆ, ಕಮಿಷನರ್ ನೇಮಕವೂ ಆಗಿದೆ. ನಾವು ಏನು ಸಿದ್ಧಮಾಡಿಕೊಳ್ಳಬೇಕು? — ಓದುಗರು, ಬೆಂಗಳೂರು

ಎಲ್ಲಕ್ಕಿಂತ ಮೊದಲು ಆದೇಶ 39ರ ನಿಯಮ 3 ಪಾಲಿಸಿ. ಎದುರಾಳಿಗೆ ತಿಳಿಸದೆ ಆದೇಶ ಪಡೆದವರು ಅರ್ಜಿ, ಅಫಿಡವಿಟ್, ದಾವೆಪತ್ರ, ನೆಚ್ಚಿಕೊಂಡ ದಾಖಲೆಗಳ ಪ್ರತಿಯನ್ನು ಕೂಡಲೇ ಕೊಡಬೇಕು ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಬೇಕು, ಹಾಗೆ ಮಾಡಿದ್ದೇವೆಂಬ ಅಫಿಡವಿಟ್ಟನ್ನು ಆದೇಶವಾದ ದಿನವೋ ಮರುದಿನವೋ ಸಲ್ಲಿಸಬೇಕು. ಕಮಿಷನ್ ಮುಗಿದ ಮೇಲೆ ಕಳಿಸುತ್ತೇವೆ ಎಂದಿದ್ದರೆ ಆದೇಶದಲ್ಲೇ ಅಷ್ಟು ಕಾಲಾವಕಾಶ ಕೇಳಿ ಪಡೆದಿರಬೇಕು. ಒಳ್ಳೆಯ ತಡೆಯಾಜ್ಞೆಗಳು ತೆರವಾಗಲು ಈ ಒಂದು ಉದಾಸೀನವೇ ಸಾಕು.

ಕಮಿಷನರ್ ಜತೆ ಹೋಗಲು ಮಾಲು ಗುರುತಿಸಬಲ್ಲ ಒಬ್ಬರನ್ನು ಆರಿಸಿ, ಜಗಳಗಂಟರು ಬೇಡ. ಅಸಲಿ ಮಾಲಿನ ಎರಡು ಮಾದರಿ, ಬಿಲ್ಲು ಸಮೇತ ಪೇಟೆಯಲ್ಲಿ ಕೊಂಡ ನಕಲಿಯ ಒಂದು ಮಾದರಿ, ಹುರಿ, ಬಟ್ಟೆ, ಅರಗು, ಮೇಣಬತ್ತಿ, ಅಳಿಸದ ಪೆನ್ನು, ತೂಕದ ಯಂತ್ರ, ಕಾರ್ಬನ್ ಹಾಳೆ ಒಯ್ಯಿರಿ. ಹತ್ತು ಪೆಟ್ಟಿಗೆ ಸಿಗಬಹುದೆಂದು ಹೋಗಿ ಆರುನೂರು ಸಿಕ್ಕರೆ ಎಣಿಸಲು ಆಳು ಬೇಕು, ಕತ್ತಲಾದರೆ ಕೋಣೆಗೇ ಸೀಲ್ ಹಾಕಿ ಮರುದಿನ ಮುಂದುವರಿಸಲು ಕಮಿಷನರನ್ನು ಕೋರಿ. ಕಮಿಷನ್ನಿನ ಖರ್ಚು ಮೊದಲಿಗೆ ನಿಮ್ಮದೇ, ರಸೀದಿಗಳನ್ನು ಇಟ್ಟುಕೊಂಡರೆ ಕೊನೆಗೆ ದಾವೆಯ ಖರ್ಚಿನಲ್ಲಿ ಕೇಳಬಹುದು.

ಮಾಲನ್ನು ನಮ್ಮ ಗೋದಾಮಿಗೇ ತರುತ್ತೇವೆ ಎಂಬ ಆಸೆ ಬಿಡಿ. ತಂದರೆ ಬಾಡಿಗೆ, ಕಾವಲು, ಹೆಗ್ಗಣ ಎಲ್ಲ ನಿಮ್ಮ ತಲೆಯ ಮೇಲೆ. ‘ಸೀಲಾದ ಮೇಲೆ ಎಣಿಕೆ ಕಡಿಮೆ ಆಯಿತು’ ಎಂದು ದೂರುವ ಸರದಿಯೂ ಆಗ ಪ್ರತಿವಾದಿಯದು.

ಪ್ರಶ್ನೆ: ನನ್ನದು ಸಣ್ಣ ಅಂಗಡಿ. ಬಿಲ್ಲು ಕೊಟ್ಟು ಕೊಂಡ ಮಾಲಿನ ಹೆಸರಿನ ಮೇಲೆ ಕಂಪನಿಗಳ ನಡುವೆ ದಾವೆ ಇದೆಯಂತೆ. ನಾನೂ ಸಿಕ್ಕಿಬೀಳುತ್ತೇನೆಯೇ? — ಓದುಗರು, ತುಮಕೂರು

ಆದೇಶದಲ್ಲಿ ‘ಪ್ರತಿವಾದಿಯ ಡೀಲರುಗಳು, ವಿತರಕರು’ ಎಂದಿದ್ದು ಅದು ನಿಮ್ಮ ಗಮನಕ್ಕೆ ಬಂದಿದ್ದರೆ ಅಂದಿನಿಂದ ಮಾರಬೇಡಿ. ಅಸಲಿ ಮಾಲಿಕರೇ ಪೇಟೆಗೆ ಬಿಟ್ಟ ಸರಕನ್ನು ಕೊಂಡು ಮರುಮಾರಾಟ ಮಾಡುವವರಿಗೆ ಟ್ರೇಡ್‌ಮಾರ್ಕ್ ಕಾಯ್ದೆಯ 30(3)ನೇ ಕಲಮಿನ ರಕ್ಷಣೆ ಇದೆ, ನಕಲಿ ಎಂದು ತಕರಾರಾದ ಮಾಲಿಗೆ ಅದು ಒದಗುವುದಿಲ್ಲ. ಕಪಾಟಿನಿಂದ ಇಳಿಸಿ ಎಣಿಸಿ, ಖರೀದಿ ಬಿಲ್ಲಿನ ಪ್ರತಿ ಜತೆಗಿಟ್ಟು ಸರಬರಾಜುದಾರರಿಗೆ ಮರಳಿ ಪಡೆಯಲು ಬರೆಯಿರಿ. ಮರಳಿದ ಮಾಲಿಗೆ ಸರಬರಾಜುದಾರರು ಕೊಡುವ ಜಿಎಸ್‌ಟಿ ಕ್ರೆಡಿಟ್ ನೋಟಿಗೆ ಆರ್ಥಿಕ ವರ್ಷ ಮುಗಿದ ಮೇಲಿನ ನವೆಂಬರ್ 30 ಗಡುವು, ಆಮೇಲೆ ತೆರಿಗೆ ಹೊಂದಾಣಿಕೆ ಆಗದು. ನಿಮ್ಮ ಅಂಗಡಿಗೇ ಸೀಲ್ ಬಿದ್ದಿದ್ದರೆ ಮಾತ್ರ ಮರಳಿಸುವ ಮಾತಿಲ್ಲ, ಮಾಲು ಅಲ್ಲೇ ಇರಬೇಕು.

ಪ್ರಶ್ನೆ: ಕೋರ್ಟ್ ಕಮಿಷನರ್ ಅಲ್ಲ, ಪೊಲೀಸರೇ ಬಂದು ಮಾಲು ಒಯ್ದರು. ಇದೂ ಅದೇ ಕ್ರಮವೇ? — ಓದುಗರು, ಕಲಬುರಗಿ

ಅಲ್ಲ, ಇದು ಕ್ರಿಮಿನಲ್ ದಾರಿ. ಸುಳ್ಳು ಟ್ರೇಡ್‌ಮಾರ್ಕ್ ಅಂಟಿಸುವುದಕ್ಕೂ ಅಂಥ ಮಾಲು ಮಾರುವುದಕ್ಕೂ ಟ್ರೇಡ್‌ಮಾರ್ಕ್ ಕಾಯ್ದೆಯ 103, 104ನೇ ಕಲಮುಗಳಲ್ಲಿ ಆರು ತಿಂಗಳಿಂದ ಮೂರು ವರ್ಷ ಸಜೆ, 50,000ದಿಂದ ಎರಡು ಲಕ್ಷ ರೂಪಾಯಿ ದಂಡ ಇದೆ. ಆದರೆ 115(4)ನೇ ಕಲಮಿನಂತೆ ವಾರಂಟ್ ಇಲ್ಲದೆ ಶೋಧಿಸಿ ವಶಪಡಿಸಿಕೊಳ್ಳುವವರು ಡಿವೈಎಸ್‌ಪಿ ದರ್ಜೆಗೆ ಕಡಿಮೆ ಇರಬಾರದು, ಶೋಧನೆಗೆ ಮೊದಲು ಟ್ರೇಡ್‌ಮಾರ್ಕ್ ರಿಜಿಸ್ಟ್ರಾರ್ ಅವರ ಅಭಿಪ್ರಾಯ ಪಡೆದಿರಬೇಕು. ಈ ಎರಡೂ ಆಗಿವೆಯೇ ಎಂದು ವಕೀಲರ ಮೂಲಕ ದಾಖಲೆ ಕೇಳಿ. ಮಾಲು ಮರಳಿ ಕೋರುವ ಅರ್ಜಿಯನ್ನು ವಶಪಡಿಸಿಕೊಂಡ 15 ದಿನದೊಳಗೆ ಮ್ಯಾಜಿಸ್ಟ್ರೇಟರಿಗೆ ಕೊಡಬೇಕು. ಸಿವಿಲ್ ದಾವೆಯಲ್ಲಿ ಸಿಗುವ ವಾಯಿದೆಗಳ ಲೆಕ್ಕದಲ್ಲಿ ಕೂತರೆ ಈ ಹದಿನೈದು ದಿನ ಕಣ್ಣೆದುರೇ ದಾಟಿಹೋಗುತ್ತದೆ.

ಪ್ರಶ್ನೆ: ರಾಜಿ ಆಗಿದೆ. ನಾವು ಹೆಸರು ಬದಲಿಸುತ್ತೇವೆ, ಇರುವ ಲೇಬಲ್ಲು ಮತ್ತು ಮಾಲನ್ನು ನಾಶಮಾಡಬೇಕು. ಹೇಗೆ? — ಓದುಗರು, ಹುಬ್ಬಳ್ಳಿ

ರಾಜಿಪತ್ರದಲ್ಲಿ ‘ಮಾಲನ್ನು ನಾಶಪಡಿಸತಕ್ಕದ್ದು’ ಎಂಬ ಒಂದೇ ಸಾಲು ಇದ್ದರೆ ಸಹಿ ಹಾಕುವ ಮೊದಲು ಬಿಡಿಸಿ ಬರೆಸಿ. 135ನೇ ಕಲಮು ಹೇಳುವುದು ಅತಿಕ್ರಮಿಸಿದ ಲೇಬಲ್ಲು, ಮಾರ್ಕುಗಳನ್ನು ನಾಶಮಾಡಲು ಅಥವಾ ಅಳಿಸಲು ಒಪ್ಪಿಸುವ ಬಗ್ಗೆ. ಒಳಗಿನ ಸರಕು ಚೆನ್ನಾಗಿದ್ದರೆ ಅದನ್ನೂ ಸುಡುವ ಹಟಕ್ಕೆ ನೀವು ಒಪ್ಪಬೇಕಿಲ್ಲ. ಹೆಸರು ಪೌಚಿನ ಮೇಲೆ ಮಾತ್ರವೇ, ಡಬ್ಬಿಯ ತಳಕ್ಕೆ ಅಚ್ಚಿನಲ್ಲೇ ಎರಕವಾಗಿದೆಯೇ, ಬಟ್ಟೆಯಾದರೆ ಗುಂಡಿ ಮತ್ತು ರಿವೆಟ್ಟಿನ ಮೇಲೂ ಇದೆಯೇ ನೋಡಿ. ಕಿತ್ತು ತೆಗೆಯಬಹುದಾದದ್ದನ್ನು ಕಿತ್ತು ಉಳಿಸಿ.

ಅಚ್ಚಾದ ರೋಲು, ಪೌಚುಗಳನ್ನು ಹಾಗೇ ಗುಜರಿಗೆ ತೂಗಿ ಕೊಡಬೇಡಿ. ನಕಲು ಮಾಡುವವರು ಅವನ್ನು ಕೊಳ್ಳುವುದು ಅಲ್ಲಿಂದಲೇ. ಮೊದಲು ಹೆಸರಿನ ನಡುವೆ ಹಾದುಹೋಗುವಂತೆ ಕತ್ತರಿಸಿ ಚೂರು ಮಾಡಿಸಿ, ತೂಕ ಬರೆದು ಆಮೇಲೆ ಕೊಡಿ. ಲ್ಯಾಮಿನೇಟನ್ನು ಬಯಲಲ್ಲಿ ಸುಡುವುದು ಬೇರೆಯದೇ ಕಾನೂನಿನ ತೊಂದರೆ. ಗ್ರೇವ್ಯೂರ್ ಸಿಲಿಂಡರು (ರೋಲಿನ ಮೇಲೆ ಅಚ್ಚು ಹಾಕುವ ಕೆತ್ತಿದ ಉರುಳೆ) ಬಣ್ಣಕ್ಕೊಂದರಂತೆ ಇರುತ್ತವೆ. ಹೆಸರು ಯಾವ ಬಣ್ಣಗಳಲ್ಲಿ ಅಚ್ಚಾಗುತ್ತದೋ ಆ ಸಿಲಿಂಡರುಗಳ ಮೇಲ್ಪದರ ಕೆರೆಸಿ ಹೊಸ ಹೆಸರು ಕೆತ್ತಿಸಿದರೆ ಪೂರ್ತಿ ಸೆಟ್ಟು ಎಸೆಯಬೇಕಾಗಿಲ್ಲ. ಎದುರಾಳಿಯ ವಿನ್ಯಾಸದ ಹೋಲಿಕೆಯೂ ತಕರಾರಿನಲ್ಲಿದ್ದರೆ ಈ ಉಳಿತಾಯ ನಡೆಯುವುದಿಲ್ಲ. ಮುದ್ರಕರ ಕಂಪ್ಯೂಟರಿನಲ್ಲಿರುವ ವಿನ್ಯಾಸದ ಕಡತ ಅಳಿಸಿದ್ದಕ್ಕೆ ಅವರಿಂದ ಒಂದು ಪತ್ರ ತೆಗೆದುಕೊಳ್ಳಿ.

ನಾಶಪಡಿಸುವಾಗ ಎರಡೂ ಕಡೆಯ ಪ್ರತಿನಿಧಿಗಳು ಇರಲಿ. ದಾಸ್ತಾನು ಪಟ್ಟಿಯ ಒಂದೊಂದೇ ಸಾಲಿಗೆ ಗುರುತು ಹಾಕುತ್ತಾ ಹೋಗಿ, ಕೊನೆಗೆ ಜಂಟಿ ಸಹಿಯ ಮೆಮೊ ಕೋರ್ಟಿಗೆ ಸಲ್ಲಿಸಿ. ಸೀಲ್ ಒಡೆಯಲು ಅನುಮತಿ ರಾಜಿ ಡಿಕ್ರಿಯಲ್ಲೇ ಇರಬೇಕು, ಇಲ್ಲದಿದ್ದರೆ ರಾಜಿಯಾದ ಮೇಲೂ ಸೀಲ್ ಒಡೆದ ಆರೋಪ ಉಳಿಯುತ್ತದೆ.

ಲೆಕ್ಕಿಗರಿಗೆ ಮುಂಚಿತವಾಗಿ ಹೇಳಿ. ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)(ಎಚ್) ಪ್ರಕಾರ ನಾಶಪಡಿಸಿದ ಅಥವಾ ಲೆಕ್ಕದಿಂದ ಕೈಬಿಟ್ಟ ಸರಕಿನ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಹಿಂದಿರುಗಿಸಬೇಕು. ಲೇಬಲ್ಲು, ರೋಲು, ಸಿದ್ಧ ಮಾಲು ಮೂರಕ್ಕೂ ಖರೀದಿ ಬಿಲ್ಲು ಹುಡುಕಿ ಲೆಕ್ಕ ಹಾಕಬೇಕಾಗುತ್ತದೆ. ರಾಜಿಯ ಮೊತ್ತವನ್ನು ಚೌಕಾಸಿ ಮಾಡುವಾಗ ಈ ಬಾಬತ್ತನ್ನು ಲೆಕ್ಕಕ್ಕೆ ಹಿಡಿಯದವರು, ನಾಶದ ಮೆಮೊ ಸಲ್ಲಿಸಿದ ತಿಂಗಳ ರಿಟರ್ನಿನಲ್ಲಿ ಅದನ್ನು ತಮ್ಮ ಕೈಯಿಂದ ಕಟ್ಟುತ್ತಾರೆ.